ಗಡಿಯಾರಕ್ಕೆ ಗಡಿ ಹಾಕುವವರು ಯಾರು?

2023ರ ಮಾರ್ಚ್ ಕೊನೆಯ ವಾರ ಲೆಬನಾನಿನಲ್ಲಿ ಯಾರನ್ನಾದರೂ ಗಂಟೆ ಎಷ್ಟೆಂದು ಕೇಳಿದರೆ, ಉತ್ತರ ಹೇಳುವವರನ್ನು ಅವಲಂಬಿಸಿರುತ್ತಿತ್ತು. ಬೇಸಿಗೆಯ ಸಂಜೆಗಳಲ್ಲಿ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಗಡಿಯಾರ ಮುಂದಿಟ್ಟು ಚಳಿಗಾಲಕ್ಕೆ ಹಿಂದಕ್ಕಿಡುವ ಪದ್ಧತಿ ಅಲ್ಲಿದೆ; ಪ್ರತಿ ವರ್ಷದಂತೆ ಆ ತಿಂಗಳ 25ರ ಮಧ್ಯರಾತ್ರಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಿತ್ತು. ಇನ್ನೇನು ಎರಡು ದಿನ ಇದೆ ಎನ್ನುವಾಗ ಉಸ್ತುವಾರಿ ಪ್ರಧಾನಿ ನಜೀಬ್ ಮಿಕಾತಿ, ರಂಜಾನ್ ಮುಗಿಯುವವರೆಗೆ ಅದು ಬೇಡವೆಂದರು. ಅಲ್ಲಿನ ಕ್ರೈಸ್ತರ ಪ್ರಮುಖ ಪಂಗಡವಾದ ಮರೋನೈಟ್ ಚರ್ಚ್ ಒಪ್ಪಲಿಲ್ಲ. ಹಲವು ಟಿವಿ ವಾಹಿನಿಗಳು, ಶಾಲೆಗಳು, ವ್ಯಾಪಾರ ಸಂಸ್ಥೆಗಳು ಹಳೆಯ ಪದ್ಧತಿಯಂತೆ ಗಡಿಯಾರ ತಿರುಗಿಸಿಯೇ ಬಿಟ್ಟವು. ಸರ್ಕಾರಿ ಕಚೇರಿಯಲ್ಲಿ ಹತ್ತು ಗಂಟೆಯಾಗಿದ್ದರೆ ಟಿವಿ ಪರದೆಯ ಮೇಲೆ ಹನ್ನೊಂದು. 27ರಂದು ಸಚಿವ ಸಂಪುಟ ಸೇರಿ ತೀರ್ಮಾನವನ್ನು ಹಿಂತೆಗೆದುಕೊಂಡಿತು. 29ರ ಮಧ್ಯರಾತ್ರಿ ದೇಶ ಮತ್ತೆ ಒಂದೇ ಸಮಯಕ್ಕೆ ಬಂತು.

ಆ ನಾಲ್ಕು ದಿನ ಎರಡು ಕಾಲವಲಯಗಳ ನಡುವಿನ ಗಡಿ ಹಾದುಹೋದದ್ದು ಯಾವ ರೇಖಾಂಶದ ಮೇಲೂ ಅಲ್ಲ, ಒಂದೇ ಊರಿನ ಮನೆ ಮನೆಗಳ ನಡುವೆ. ಇದನ್ನು ಅಪರೂಪದ ಎಡವಟ್ಟು ಎಂದು ನಕ್ಕು ಬಿಡಬಹುದು. ಆದರೆ ಜಗತ್ತಿನ ಉಳಿದ ಕಾಲವಲಯಗಳ ಗಡಿಗಳೂ ಹುಟ್ಟುವುದು ಹೆಚ್ಚುಕಡಿಮೆ ಹೀಗೆಯೇ. ಜನ ಯಾರ ಜೊತೆ ವ್ಯವಹಾರ ಮಾಡುತ್ತಾರೆ, ಯಾರ ಮಾತು ಕೇಳುತ್ತಾರೆ, ಯಾರ ಮಾತು ಕೇಳಲು ಇಷ್ಟವಿಲ್ಲ ಎಂಬುದರ ಮೇಲೆ ಗೆರೆ ಬೀಳುತ್ತದೆ.

ಶಾಲೆಯ ಭೂಪಟದಲ್ಲಿ ನಾವು ಕಲಿತದ್ದು ಬೇರೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಭೂಮಿಯನ್ನು 15 ಡಿಗ್ರಿ ಅಗಲದ 24 ಪಟ್ಟಿಗಳಾಗಿ ಸೀಳಿದರೆ ಆಯಿತು, ಕಾಲವಲಯಗಳು ಸಿದ್ಧ. ಈ ಅಚ್ಚುಕಟ್ಟಾದ ಲೆಕ್ಕ ನಿಜಕ್ಕೂ ನಡೆಯುವುದು ಜನವಸತಿ ಇಲ್ಲದ ಒಂದೇ ಕಡೆ, ನಡುಸಮುದ್ರದಲ್ಲಿ. ನೌಕಾಯಾನದ ಕಾಲವಲಯಗಳು ಗ್ರೀನ್‌ವಿಚ್‌ನ ಎರಡೂ ಬದಿಗೆ ಏಳೂವರೆ ಡಿಗ್ರಿಯಿಂದ ಆರಂಭವಾಗಿ ನೇರ ಗೆರೆಗಳಲ್ಲಿ ಸಾಗುತ್ತವೆ. ನೆಲ ಕಂಡ ಕೂಡಲೇ ಗೆರೆ ಸೊಟ್ಟಗಾಗುತ್ತದೆ.

ಇದಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದ ಇದ್ದೇ ಇರಬೇಕು ಎಂದು ಹೆಚ್ಚಿನವರು ನಂಬಿದ್ದಾರೆ. 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿದ್ದ ಸಮ್ಮೇಳನವನ್ನು ಅದರ ಮೂಲವೆಂದು ತೋರಿಸುವುದೂ ಉಂಟು. ಆ ಸಮ್ಮೇಳನ ಗ್ರೀನ್‌ವಿಚ್ ಮೂಲಕ ಹಾದುಹೋಗುವ ರೇಖಾಂಶವನ್ನು ಶೂನ್ಯವೆಂದು 22 ಮತಗಳಿಂದ ಒಪ್ಪಿತು. ಒಂದು ದೇಶ ವಿರೋಧಿಸಿತು, ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ದಿನವನ್ನು ಎಲ್ಲಿಂದ ಎಣಿಸಬೇಕೆಂದೂ ಶಿಫಾರಸು ಮಾಡಿತು. ಕಾಲವಲಯಗಳ ವಿಷಯವನ್ನು ಮಾತ್ರ ಅದು ತೀರ್ಮಾನಿಸಲೇ ಇಲ್ಲ. ಯಾವ ದೇಶ ಯಾವ ಗಂಟೆ ಇಟ್ಟುಕೊಳ್ಳಬೇಕೆಂದು ಹೇಳುವ ಜಾಗತಿಕ ಸಂಸ್ಥೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಪ್ಯಾರಿಸ್ ಬಳಿಯಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿ ಯುಟಿಸಿ ಎಂಬ ಮೂಲ ಸಮಯವನ್ನು ಪರಮಾಣು ಗಡಿಯಾರಗಳಿಂದ ಲೆಕ್ಕ ಹಾಕಿ ಕೊಡುತ್ತದೆ. ಅದಕ್ಕೆ ಎಷ್ಟು ಗಂಟೆ ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬುದು ಆಯಾ ದೇಶದ ಸ್ವಂತ ಕಾನೂನು. ಅನುಮತಿ ಕೇಳಬೇಕಿಲ್ಲ, ಹೇಳುವ ಕಡ್ಡಾಯವೂ ಇಲ್ಲ.

ಸಮ್ಮೇಳನಕ್ಕಿಂತ ಒಂದು ವರ್ಷ ಮೊದಲೇ ನಿಜವಾದ ಕೆಲಸ ಮಾಡಿದವರು ರೈಲ್ವೆಯವರು. ಊರೂರಿಗೂ ಅದರದೇ ಸೂರ್ಯನ ಸಮಯವಿದ್ದ ಕಾಲದಲ್ಲಿ ರೈಲಿನ ವೇಳಾಪಟ್ಟಿ ಬರೆಯುವುದು ಹುಚ್ಚು ಹಿಡಿಸುವ ಕೆಲಸ. ಅಮೆರಿಕ ಮತ್ತು ಕೆನಡಾದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ತಾವೇ ವಲಯಗಳನ್ನು ಮಾಡಿಕೊಂಡವು. ಅಮೆರಿಕದ ಸಂಸತ್ತು ಅದಕ್ಕೆ ಕಾನೂನಿನ ಮುದ್ರೆ ಒತ್ತಿದ್ದು 1918ರಲ್ಲಿ, ಅಂದರೆ ಮೂವತ್ತೈದು ವರ್ಷ ತಡವಾಗಿ. ಬ್ರಿಟನ್ನಿನಲ್ಲೂ ಇದೇ ಕಥೆ: ರೈಲುಗಳು 1847ರಿಂದಲೇ ಗ್ರೀನ್‌ವಿಚ್ ಸಮಯಕ್ಕೆ ಓಡತೊಡಗಿದರೂ ಕಾನೂನು ಬಂದದ್ದು 1880ರಲ್ಲಿ.

ಫ್ರೆಂಚರ ಹಟ ಮಾತ್ರ ಹೇಳದೆ ಮುಂದೆ ಹೋಗಲಾಗದು. 1911ರಲ್ಲಿ ಅವರು ಕೊನೆಗೂ ಗ್ರೀನ್‌ವಿಚ್ ಸಮಯವನ್ನು ಒಪ್ಪಿಕೊಂಡಾಗ ಕಾನೂನಿನಲ್ಲಿ ಆ ಹೆಸರನ್ನೇ ಬರೆಯಲಿಲ್ಲ. ದೇಶದ ಸಮಯವೆಂದರೆ ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಕಳೆದದ್ದು ಎಂದು ಬರೆದರು. ಲೆಕ್ಕ ಹಾಕಿದರೆ ಬರುವುದು ಗ್ರೀನ್‌ವಿಚ್ ಸಮಯವೇ.

ಈಗ ಗಡಿ ಎಳೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಇದಕ್ಕೆ ಅಮೆರಿಕದಷ್ಟು ತೆರೆದ ಉದಾಹರಣೆ ಬೇರೆ ಸಿಗುವುದಿಲ್ಲ. ಅಲ್ಲಿ ವಲಯದ ಗಡಿಗಳು ಖಗೋಳ ವಿಜ್ಞಾನಿಗಳ ಕೈಯಲ್ಲಿಲ್ಲ, ಸಾರಿಗೆ ಇಲಾಖೆಯ ಕೈಯಲ್ಲಿವೆ. ಕಾನೂನು ಕೊಟ್ಟಿರುವ ಅಳತೆಗೋಲು ವಾಣಿಜ್ಯದ ಅನುಕೂಲ. ರೈಲು ಜಂಕ್ಷನ್‌ಗಳು ಎಲ್ಲಿವೆ ಎಂಬುದನ್ನೂ ಗಮನಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕ, ತನ್ನ ವಲಯ ಬದಲಿಸಬೇಕೆಂದರೆ ಅದರ ಚುನಾಯಿತ ಪ್ರತಿನಿಧಿಗಳು ಅರ್ಜಿ ಹಾಕಬೇಕು. ಆಗ ಇಲಾಖೆ ಕೇಳುವ ಪ್ರಶ್ನೆಗಳು ಸ್ವಾರಸ್ಯಕರ. ನಿಮ್ಮ ಅಂಗಡಿಗಳಿಗೆ ಸರಕು ಎಲ್ಲಿಂದ ಬರುತ್ತದೆ, ನಿಮ್ಮ ಉತ್ಪನ್ನ ಎಲ್ಲಿಗೆ ಹೋಗುತ್ತದೆ? ಟಿವಿ, ರೇಡಿಯೋ ಪ್ರಸಾರ ಯಾವ ಊರಿನದು? ಪತ್ರಿಕೆ ಎಲ್ಲಿ ಅಚ್ಚಾಗುತ್ತದೆ? ಬಸ್ಸು, ರೈಲು, ವಿಮಾನ ಹಿಡಿಯಲು ಎಲ್ಲಿಗೆ ಹೋಗುತ್ತೀರಿ? ಎಷ್ಟು ಜನ ಕೌಂಟಿಯ ಹೊರಗೆ ಕೆಲಸ ಮಾಡುತ್ತಾರೆ, ಎಲ್ಲಿ? ಮಕ್ಕಳ ಶಾಲೆ, ಆಸ್ಪತ್ರೆ, ಪ್ರಾರ್ಥನೆ, ಮನರಂಜನೆ ಎಲ್ಲಿ?

ಸೂರ್ಯ ಎಷ್ಟು ಗಂಟೆಗೆ ನೆತ್ತಿಗೇರುತ್ತಾನೆ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಮುಖ್ಯವಾಗುವುದಿಲ್ಲ. ಇಲಾಖೆಗೆ ಬೇಕಿರುವುದು ಆ ಊರಿನ ಮುಖ ಯಾವ ಕಡೆಗಿದೆ ಎಂಬುದು. ನನ್ನ ಪ್ರಕಾರ ಕಾಲವಲಯದ ಗಡಿ ಎಂದರೇನು ಎಂಬುದಕ್ಕೆ ಈ ಪ್ರಶ್ನಾವಳಿಗಿಂತ ಪ್ರಾಮಾಣಿಕ ವ್ಯಾಖ್ಯೆ ಸಿಗದು. ಪ್ರಶ್ನೆ ಸರಿಯಾಗಿದ್ದ ಮಾತ್ರಕ್ಕೆ ಉತ್ತರ ಸುಲಭವಾಗುವುದಿಲ್ಲ ಎನ್ನುವುದು ಬೇರೆ ಮಾತು. ಇಂಡಿಯಾನಾ ರಾಜ್ಯದ ನೈಋತ್ಯದ ಐದು ಕೌಂಟಿಗಳು 2006ರಲ್ಲಿ ಪೂರ್ವ ವಲಯ ಬಿಟ್ಟು ಅದಕ್ಕಿಂತ ಒಂದು ಗಂಟೆ ಹಿಂದಿರುವ ಮಧ್ಯ ವಲಯಕ್ಕೆ ಹೋದವು. ನೆರೆಯವರ ಜೊತೆ ಗಂಟೆ ತಾಳೆಯಾಗದೆ 2007ರ ನವೆಂಬರ್‌ನಲ್ಲಿ ವಾಪಸಾದವು. ರಷ್ಯಾದ ವೋಲ್ಗೊಗ್ರಾಡ್ ಪ್ರಾಂತ್ಯದ್ದೂ ಇಂಥದೇ ಅನುಭವ: ಜನಮತದ ಮೇರೆಗೆ 2018ರ ಅಕ್ಟೋಬರ್‌ನಲ್ಲಿ ಮಾಸ್ಕೋ ಸಮಯದಿಂದ ಒಂದು ಗಂಟೆ ಮುಂದೆ ಹೋಯಿತು, ಮತ್ತೆ ಜನಮತದ ಮೇರೆಗೆ 2020ರ ಡಿಸೆಂಬರ್‌ನಲ್ಲಿ ಮಾಸ್ಕೋ ಸಮಯಕ್ಕೇ ಮರಳಿತು. ಸಂಜೆಯ ಬೆಳಕು ಬೇಕು, ರಾಜಧಾನಿಯ ಟಿವಿಯೂ ಹೊತ್ತಿಗೆ ಸರಿಯಾಗಿ ಬರಬೇಕು ಎಂದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕಾನೂನು ಎಳೆದ ಗೆರೆ ಒಂದು ಕಡೆಗಿದ್ದರೆ ಜನ ಎಳೆದುಕೊಂಡ ಗೆರೆ ಇನ್ನೊಂದು ಕಡೆಗಿರುವುದೂ ಉಂಟು. ಅಲಬಾಮಾದ ಫೀನಿಕ್ಸ್ ಸಿಟಿ ಕಾನೂನಿನ ಪ್ರಕಾರ ಮಧ್ಯ ವಲಯದಲ್ಲಿದೆ. ಆದರೆ ಅಲ್ಲಿನವರ ಸಂಪಾದನೆ, ಸಂತೆಪೇಟೆ ಎಲ್ಲವೂ ನದಿಯಾಚೆಗಿನ ಜಾರ್ಜಿಯಾದ ಕೊಲಂಬಸ್ ನಗರದಲ್ಲಿ. ಊರಿಗೆ ಊರೇ ಪೂರ್ವ ವಲಯದ ಗಂಟೆ ಇಟ್ಟುಕೊಂಡಿದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಪಟ್ಟಣ ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಅದರ ಗಡಿಯಾರ ನಡೆಯುವುದು ನೆರೆಯ ಸೌತ್ ಆಸ್ಟ್ರೇಲಿಯಾದ ಸಮಯಕ್ಕೆ. ಕಾರಣ ರೈಲು. ಅದರ ಬೆಳ್ಳಿ, ಸೀಸದ ಅದಿರು 1880ರ ದಶಕದಿಂದಲೇ ಪಶ್ಚಿಮಕ್ಕೆ ಸಾಗುತ್ತಿತ್ತು. ತನ್ನದೇ ರಾಜಧಾನಿ ಸಿಡ್ನಿಗೆ ನೇರ ರೈಲು ಮಾರ್ಗ ಪೂರ್ಣವಾದದ್ದು 1927ರಲ್ಲಿ. ಅಷ್ಟರಲ್ಲಿ ಗಂಟೆ ಗಟ್ಟಿಯಾಗಿ ಕೂತಿತ್ತು.

ಅದೇ ದೇಶದ ದಕ್ಷಿಣ ಅಂಚಿನ ಹೆದ್ದಾರಿಯಲ್ಲಿ ಯೂಕ್ಲಾ ಎಂಬ ಪುಟ್ಟ ಊರಿದೆ. ಪಶ್ಚಿಮದ ರಾಜ್ಯ ಯುಟಿಸಿಗಿಂತ 8 ಗಂಟೆ ಮುಂದೆ, ಪೂರ್ವದ ರಾಜ್ಯ ಒಂಬತ್ತೂವರೆ ಗಂಟೆ ಮುಂದೆ. ನಡುವೆ ಸಿಕ್ಕಿಕೊಂಡ ಯೂಕ್ಲಾ ಮತ್ತು ಆಸುಪಾಸಿನ ಕೆಲವು ಪೆಟ್ರೋಲ್ ಬಂಕ್, ಹೋಟೆಲುಗಳು ಎರಡರ ಸರಾಸರಿ ತೆಗೆದು 8 ಗಂಟೆ 45 ನಿಮಿಷ ಎಂದು ಇಟ್ಟುಕೊಂಡಿವೆ. ಯಾವ ಕಾನೂನೂ ಇದನ್ನು ಹೇಳುವುದಿಲ್ಲ. ರಸ್ತೆ ಬದಿಯ ಫಲಕ ಮಾತ್ರ ಗಡಿಯಾರ ಬದಲಿಸಿಕೊಳ್ಳಿ ಎಂದು ಪ್ರಯಾಣಿಕರಿಗೆ ಹೇಳುತ್ತದೆ, ಪ್ರಯಾಣಿಕರೂ ಬದಲಿಸಿಕೊಳ್ಳುತ್ತಾರೆ.

ಅರ್ಧ ಗಂಟೆ, ಮುಕ್ಕಾಲು ಗಂಟೆಯ ವಲಯಗಳು ವಿಚಿತ್ರವೆಂದು ಕಾಣುವುದು ನಾವು ಪೂರ್ಣ ಗಂಟೆಯನ್ನೇ ಸಹಜವೆಂದು ಭಾವಿಸಿರುವುದರಿಂದ. ಭಾರತ 82.5 ಡಿಗ್ರಿ ರೇಖಾಂಶವನ್ನು ಆಧಾರವಾಗಿಟ್ಟುಕೊಂಡದ್ದರಿಂದ ಐದೂವರೆ ಗಂಟೆ ಬಂತು. ನೇಪಾಳ 1986ರಲ್ಲಿ ಗೌರಿಶಂಕರ ಶಿಖರದ ಬಳಿಯ 86 ಡಿಗ್ರಿ 15 ನಿಮಿಷದ ರೇಖೆಯನ್ನು ಹಿಡಿಯಿತು, ಐದೂಮುಕ್ಕಾಲು ಬಂತು. ಲೈಬೀರಿಯಾ 1972ರವರೆಗೂ ಗ್ರೀನ್‌ವಿಚ್‌ಗಿಂತ 44 ನಿಮಿಷ 30 ಸೆಕೆಂಡ್ ಹಿಂದೆ ಇತ್ತು. ಸೂರ್ಯನಿಗೆ ಹತ್ತಿರವಾಗಿರುವುದು ಇಂಥ ಒರಟು ಅಂಕಿಗಳೇ. ನುಣುಪಾದ ಅಂಕಿಗಳು ಟೆಲಿಫೋನ್ ಮತ್ತು ವಿಮಾನಗಳ ಅನುಕೂಲಕ್ಕೆ.

ವ್ಯಾಪಾರಕ್ಕಿಂತ ರಾಜಕೀಯದ ಕೈ ಇನ್ನೂ ಭಾರ. ಚೀನಾದ ನೆಲ ಐದು ವಲಯಗಳಷ್ಟು ಅಗಲವಿದ್ದರೂ 1949ರ ನಂತರ ದೇಶಕ್ಕೆಲ್ಲ ಬೀಜಿಂಗ್ ಸಮಯವೊಂದೇ. ಪಶ್ಚಿಮದ ತುದಿಯ ಶಿಂಜಿಯಾಂಗ್ ಪ್ರಾಂತ್ಯದ ಕಾಶ್ಗರ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಅಧಿಕೃತ ಗಡಿಯಾರದಲ್ಲಿ ಮೂರು ಗಂಟೆ ಆಗುತ್ತಾ ಬಂದಿರುತ್ತದೆ. ಅಲ್ಲಿನ ಅನೇಕ ಉಯ್ಘರ್ ಮುಸ್ಲಿಮರು ಎರಡು ಗಂಟೆ ಹಿಂದಿನ ಶಿಂಜಿಯಾಂಗ್ ಸಮಯವನ್ನು ಬಳಸುತ್ತಾರೆ, ದೇಶದ ಬಹುಸಂಖ್ಯಾತರಾದ ಹಾನ್ ಚೀನೀಯರು ಬೀಜಿಂಗ್ ಸಮಯವನ್ನು. ಒಬ್ಬರು ಯಾವ ಗಂಟೆ ಹೇಳುತ್ತಾರೆ ಎಂಬುದರಿಂದಲೇ ಅವರು ಯಾರೆಂದು ಊಹಿಸಬಹುದು. ಚೀನಾ–ಅಫ್ಘಾನಿಸ್ತಾನ ಗಡಿಯನ್ನು ಒಂದು ಹೆಜ್ಜೆಯಲ್ಲಿ ದಾಟಿದರೆ ಮೂರೂವರೆ ಗಂಟೆಯ ವ್ಯತ್ಯಾಸ. ಸ್ಪೇನ್ 1940ರಲ್ಲಿ, ಫ್ರಾಂಕೋ ಆಳ್ವಿಕೆಯಲ್ಲಿ, ಗ್ರೀನ್‌ವಿಚ್ ಸಮಯ ಬಿಟ್ಟು ಜರ್ಮನಿಯ ಗಂಟೆಗೆ ಸೇರಿತು; ಇವತ್ತಿಗೂ ಅಲ್ಲೇ ಇದೆ.

ಉತ್ತರ ಕೊರಿಯಾ 2015ರ ಆಗಸ್ಟ್ 15ರಂದು, ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ 70ನೇ ವರ್ಷಾಚರಣೆಯ ದಿನ, ಜಪಾನ್ ಹೇರಿದ ಸಮಯ ಬೇಡವೆಂದು ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕಿಟ್ಟಿತು. 2018ರಲ್ಲಿ ದಕ್ಷಿಣದೊಂದಿಗೆ ಶೃಂಗಸಭೆ ನಡೆದ ಮೇಲೆ ಸ್ನೇಹದ ಗುರುತಾಗಿ ಮೇ 5ರಂದು ಮತ್ತೆ ಅರ್ಧ ಗಂಟೆ ಮುಂದಕ್ಕೆ ತಂದಿತು. ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ತನ್ನದಾಗಿಸಿಕೊಂಡ 2014ರ ಮಾರ್ಚ್‌ನಲ್ಲಿ ಸಿಂಫೆರೊಪೊಲ್ ರೈಲು ನಿಲ್ದಾಣದ ದೊಡ್ಡ ಗಡಿಯಾರದ ಮುಳ್ಳುಗಳು ಜನ ನೋಡುತ್ತಿದ್ದಂತೆ ರಾತ್ರಿ ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಹೋದವು. ಟರ್ಕಿಯ ಹಿಡಿತದಲ್ಲಿರುವ ಸೈಪ್ರಸ್‌ನ ಉತ್ತರ ಭಾಗ 2016ರ ಚಳಿಗಾಲದಲ್ಲಿ ಟರ್ಕಿಯ ಹಿಂದೆ ಹೋಗಿ ಗಡಿಯಾರ ಬದಲಿಸದೆ ಉಳಿಯಿತು. ಮೊದಲೇ ತಂತಿಬೇಲಿಯಿಂದ ಇಬ್ಭಾಗವಾಗಿದ್ದ ನಿಕೋಸಿಯಾ ನಗರಕ್ಕೆ ಎರಡು ಗಂಟೆಗಳೂ ಬಂದವು. ಮರುವರ್ಷ ಅದನ್ನು ಸದ್ದಿಲ್ಲದೆ ಕೈಬಿಟ್ಟರು.

ದಾಟಿದರೆ ತಾರೀಖೇ ಬದಲಾಗುವ ಅಂತರರಾಷ್ಟ್ರೀಯ ದಿನರೇಖೆಯ ಕಥೆ ಇವೆಲ್ಲಕ್ಕಿಂತ ಸಡಿಲ. ಭೂಪಟಗಳಲ್ಲಿ ಅದು ದಪ್ಪಗೆ ಕಾಣುತ್ತದೆ, ಆದರೆ ಅದನ್ನು ನಿಗದಿ ಮಾಡಿದ ಒಪ್ಪಂದ ಯಾವುದೂ ಇಲ್ಲ. ದ್ವೀಪಗಳು ತಮ್ಮ ತಾರೀಖನ್ನು ಆರಿಸಿಕೊಂಡ ಮೇಲೆ ಭೂಪಟ ಬರೆಯುವವರು ಆ ಆಯ್ಕೆಗಳ ನಡುವೆ ಗೆರೆ ಎಳೆಯುತ್ತಾರೆ. ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯ ರಾಜಧಾನಿ ರೇಖೆಯ ಒಂದು ಬದಿಗೆ, ಪೂರ್ವದ ದ್ವೀಪಗಳು ಇನ್ನೊಂದು ಬದಿಗೆ ಇದ್ದವು. ಸರ್ಕಾರಿ ಕಚೇರಿಗಳು ಪರಸ್ಪರ ಮಾತಾಡಲು ವಾರಕ್ಕೆ ನಾಲ್ಕೇ ದಿನ ಸಿಗುತ್ತಿತ್ತು. 1995 ಆರಂಭವಾಗುವ ಹೊತ್ತಿಗೆ ಆ ದೇಶ ಪೂರ್ವದ ದ್ವೀಪಗಳಲ್ಲಿ ಒಂದು ದಿನ ಹಾರಿಸಿ ಎಲ್ಲರನ್ನೂ ಒಂದೇ ತಾರೀಖಿಗೆ ತಂದಿತು. ರೇಖೆ ಸಾವಿರಾರು ಕಿಲೋಮೀಟರ್ ಪೂರ್ವಕ್ಕೆ ಉಬ್ಬಿತು, ಯುಟಿಸಿಗಿಂತ 14 ಗಂಟೆ ಮುಂದಿರುವ ವಲಯ ಹುಟ್ಟಿತು.

ಅದೇ ಸಾಗರದ ಸಮೋವಾ 1892ರಲ್ಲಿ ಅಮೆರಿಕದ ವರ್ತಕರಿಗೆ ಅನುಕೂಲವಾಗಲೆಂದು ಜುಲೈ 4ನ್ನು ಎರಡು ಬಾರಿ ಆಚರಿಸಿ ರೇಖೆಯ ಪೂರ್ವಕ್ಕೆ ಹೋಗಿತ್ತು. ಶತಮಾನ ಕಳೆಯುವಷ್ಟರಲ್ಲಿ ಅದರ ವ್ಯಾಪಾರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ತಿರುಗಿತ್ತು. ತಮಗೆ ಶುಕ್ರವಾರ ಇರುವಾಗ ಅಲ್ಲಿ ಶನಿವಾರದ ರಜೆ, ತಾವು ಭಾನುವಾರ ಚರ್ಚಿನಲ್ಲಿರುವಾಗ ಅಲ್ಲಿ ಸೋಮವಾರದ ವಹಿವಾಟು. ವಾರಕ್ಕೆ ಎರಡು ದುಡಿಮೆಯ ದಿನ ನಷ್ಟ ಎಂಬ ಲೆಕ್ಕದ ಮೇಲೆ 2011ರ ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಕೈಬಿಟ್ಟು ರೇಖೆ ದಾಟಿತು. ಅದಕ್ಕೆ ಎರಡು ವರ್ಷ ಮೊದಲು ಇದೇ ದೇಶ, ಅದೇ ಎರಡು ದೇಶಗಳಿಂದ ಅಗ್ಗದ ಕಾರು ತರಿಸಿಕೊಳ್ಳಲೆಂದು, ವಾಹನಗಳನ್ನು ರಸ್ತೆಯ ಬಲದಿಂದ ಎಡಕ್ಕೆ ಬದಲಾಯಿಸಿತ್ತು. ಒಂದೇ ನಿರ್ಧಾರದ ಎರಡು ಕಂತುಗಳು ಎನ್ನಬಹುದು. ನೆರೆಯ ಅಮೆರಿಕನ್ ಸಮೋವಾ ಇದ್ದಲ್ಲೇ ಇದೆ. ಎರಡಕ್ಕೂ ಗಡಿಯಾರದಲ್ಲಿ ಗಂಟೆ ಒಂದೇ, ತಾರೀಖು ಮಾತ್ರ ಬೇರೆ.

ಇದರ ಫಲವಾಗಿ ದಿನಾ ಒಂದು ಗಂಟೆ ಕಾಲ ಜನವಸತಿ ಇರುವ ನೆಲದ ಮೇಲೆ ಮೂರು ತಾರೀಖುಗಳು ಒಟ್ಟಿಗೆ ಇರುತ್ತವೆ. ಯುಟಿಸಿಯಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂವರೆ ಎಂದಿಟ್ಟುಕೊಳ್ಳಿ. ಅಮೆರಿಕನ್ ಸಮೋವಾದಲ್ಲಿ ಸೋಮವಾರ ರಾತ್ರಿ ಹನ್ನೊಂದೂವರೆ. ಕಿರಿಬಾಟಿಯ ಪೂರ್ವ ದ್ವೀಪಗಳಲ್ಲಿ ಬುಧವಾರ ಆರಂಭವಾಗಿ ಅರ್ಧ ಗಂಟೆ.

ಇಷ್ಟೆಲ್ಲ ಸ್ವಾತಂತ್ರ್ಯಕ್ಕೆ ಬೆಲೆ ತೆರುವವರು ವಲಯದ ಪಶ್ಚಿಮ ಅಂಚಿನ ಜನ. ಅವರಿಗೆ ಗಡಿಯಾರದ ಲೆಕ್ಕದಲ್ಲಿ ಸೂರ್ಯ ತಡವಾಗಿ ಹುಟ್ಟಿ ತಡವಾಗಿ ಮುಳುಗುತ್ತಾನೆ. ಶಾಲೆ, ಕಚೇರಿಗಳು ಮಾತ್ರ ಪೂರ್ವ ಅಂಚಿನವರಷ್ಟೇ ಹೊತ್ತಿಗೆ ತೆರೆಯುತ್ತವೆ. ಅಮೆರಿಕದ ವಲಯ ಗಡಿಗಳ ಎರಡೂ ಬದಿಯ ಜನರನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಡವಾಗಿ ಕತ್ತಲಾಗುವ ಬದಿಯವರು ದಿನಕ್ಕೆ ಸರಾಸರಿ 19 ನಿಮಿಷ ಕಡಿಮೆ ನಿದ್ದೆ ಮಾಡುತ್ತಾರೆಂದು ಕಂಡುಕೊಂಡಿತು. ಸಾರಿಗೆ ಇಲಾಖೆಯ ಪ್ರಶ್ನಾವಳಿಗೆ ನಿದ್ದೆಯ ಪ್ರಶ್ನೆಯನ್ನೂ ಸೇರಿಸಬೇಕಾದ ಕಾಲ ಬಂದಿದೆ ಎಂದು ನನಗನಿಸುತ್ತದೆ. ಕಜಕಿಸ್ತಾನ 2024ರ ಮಾರ್ಚ್ 1ರಂದು ತನ್ನ ಎರಡು ವಲಯಗಳನ್ನು ಒಂದಾಗಿಸಿದಾಗ ಪೂರ್ವ ಭಾಗದವರು ಸಂಜೆ ಬೇಗ ಕತ್ತಲಾಗುತ್ತದೆಂದು ಗೊಣಗಿದರು. ದೊಡ್ಡ ವಲಯದಲ್ಲಿ ಒಂದು ತುದಿಗೆ ಬೆಳಗಿನ ದೂರು, ಇನ್ನೊಂದು ತುದಿಗೆ ಸಂಜೆಯ ದೂರು ತಪ್ಪಿದ್ದಲ್ಲ.

ಯಾರೂ ಯಾರಿಗೂ ಹೇಳಬೇಕಿಲ್ಲದ ಈ ವ್ಯವಸ್ಥೆಯಲ್ಲಿ ನಮ್ಮ ಮೊಬೈಲು ಸರಿಯಾದ ಗಂಟೆ ತೋರಿಸುವುದು ಹೇಗೆ? 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಎಂಬ ಅಮೆರಿಕದ ತಂತ್ರಜ್ಞ ಆರಂಭಿಸಿ, ಈಗ ಪಾಲ್ ಎಗ್ಗರ್ಟ್ ನೋಡಿಕೊಳ್ಳುತ್ತಿರುವ ಕಾಲವಲಯ ದತ್ತಸಂಚಯದಿಂದ. ಸ್ವಯಂಸೇವಕರು ಸುದ್ದಿ, ಗೆಜೆಟ್, ಹಳೆಯ ವೇಳಾಪಟ್ಟಿಗಳನ್ನು ಹುಡುಕಿ ತುಂಬಿಸುವ ಸಾದಾ ಪಠ್ಯದ ಕಡತ ಅದು. ಅಂತರ್ಜಾಲದ ಸರ್ವರುಗಳಿಂದ ಹಿಡಿದು ಬಹುಪಾಲು ಫೋನುಗಳವರೆಗೆ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಅದರಲ್ಲಿ ವಲಯವೆಂದರೆ 1970ರಿಂದ ಈಚೆಗೆ ಗಡಿಯಾರಗಳು ಒಂದೇ ರೀತಿ ನಡೆದುಬಂದ ಪ್ರದೇಶ. ದೇಶಗಳ ಹೆಸರು ಬದಲಾಗುತ್ತವೆ, ಒಡೆಯುತ್ತವೆ. ಆದ್ದರಿಂದ ಪ್ರತಿ ವಲಯಕ್ಕೂ ಅಲ್ಲಿನ ದೊಡ್ಡ ನಗರದ ಹೆಸರು. ಭಾರತದ್ದು ‘ಏಷ್ಯಾ/ಕೋಲ್ಕತಾ’.

2011ರಲ್ಲಿ ಜ್ಯೋತಿಷ ತಂತ್ರಾಂಶದ ಕಂಪನಿಯೊಂದು ಹಳೆಯ ಸಮಯದ ಮಾಹಿತಿ ತನ್ನದೆಂದು ಈ ಇಬ್ಬರ ಮೇಲೆ ಮೊಕದ್ದಮೆ ಹೂಡಿತು. ಜಗತ್ತಿನ ಗಂಟೆಗಳೆಲ್ಲ ಇಬ್ಬರ ಹೆಗಲ ಮೇಲೆ ನಿಂತಿವೆ ಎಂಬುದು ಹಲವರಿಗೆ ಹೊಳೆದದ್ದೇ ಆಗ. ಮೊಕದ್ದಮೆ ಮರುವರ್ಷ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಅಂತರ್ಜಾಲದ ವಿಳಾಸಗಳನ್ನು ನಿರ್ವಹಿಸುವ ಐಕಾನ್ ಸಂಸ್ಥೆ ದತ್ತಸಂಚಯಕ್ಕೆ ಆಸರೆ ಕೊಟ್ಟಿತ್ತು. ಈ ಕಡತದಲ್ಲಿ ನಿಯಮಗಳಿವೆಯೇ ಹೊರತು ಗಡಿಯ ನಕ್ಷೆ ಇಲ್ಲ. ಯಾವ ಹಳ್ಳಿ ಯಾವ ವಲಯದೊಳಗೆ ಬರುತ್ತದೆ ಎಂಬ ಗೆರೆಯನ್ನು ಇನ್ನೊಂದು ಸ್ವಯಂಸೇವಕ ತಂಡ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದ ಮಾಹಿತಿಯಿಂದ ಹೊಲಿಯುತ್ತದೆ. ಸರ್ಕಾರಗಳು ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದಾಗ ಇವರ ಪಾಡು ಕೇಳಬೇಡಿ. ಲೆಬನಾನ್ ಗಲಾಟೆಯಲ್ಲಿ ಹೊಸ ನಿಯಮದ ಆವೃತ್ತಿಯೊಂದು ಹೊರಬಂತು, ಕೆಲವೇ ದಿನಗಳಲ್ಲಿ ಅದನ್ನು ರದ್ದು ಮಾಡುವ ಇನ್ನೊಂದು ಆವೃತ್ತಿ. ಎರಡರ ನಡುವೆ ಸಿಕ್ಕಿಕೊಂಡ ಫೋನುಗಳು ಸಮಯ ತಪ್ಪಿದವು.

ಮುಂದಿನ ದೊಡ್ಡ ಗೆರೆಗಳು ಬೀಳಬಹುದಾದ ಜಾಗ ಯುರೋಪ್. 2018ರಲ್ಲಿ ಯುರೋಪಿಯನ್ ಒಕ್ಕೂಟ ನಡೆಸಿದ ಅಭಿಪ್ರಾಯ ಸಂಗ್ರಹದಲ್ಲಿ 46 ಲಕ್ಷ ಜನ ಉತ್ತರಿಸಿದರು. ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸುವುದು ಸಾಕು ಎಂದವರು ಶೇ 84. 2019ರ ಮಾರ್ಚ್‌ನಲ್ಲಿ ಒಕ್ಕೂಟದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. 2021ರಿಂದ ಜಾರಿಯಾಗಬೇಕಿತ್ತು. ಸದಸ್ಯ ರಾಷ್ಟ್ರಗಳ ಮಂಡಳಿಯಲ್ಲಿ ಕಡತ ನಿಂತುಹೋಯಿತು.

ಏಕೆಂದು ತಿಳಿಯಲು ಒಂದು ಲೆಕ್ಕ ಸಾಕು. ಸ್ಪೇನಿನ ಪಶ್ಚಿಮ ತುದಿಯಿಂದ ಪೋಲೆಂಡಿನ ಪೂರ್ವ ತುದಿಯವರೆಗೆ ಒಂದೇ ವಲಯ, ಸೂರ್ಯನ ಲೆಕ್ಕದಲ್ಲಿ ಎರಡು ಗಂಟೆಗೂ ಹೆಚ್ಚು ಅಂತರ. ಬೇಸಿಗೆಯ ಸಮಯವನ್ನೇ ಕಾಯಂ ಮಾಡಿದರೆ ಸ್ಪೇನಿನ ವೀಗೋದಲ್ಲಿ ಚಳಿಗಾಲದ ಸೂರ್ಯೋದಯ ಬೆಳಿಗ್ಗೆ ಹತ್ತರ ನಂತರ. ಚಳಿಗಾಲದ ಸಮಯವನ್ನು ಕಾಯಂ ಮಾಡಿದರೆ ಪೂರ್ವ ಪೋಲೆಂಡಿನಲ್ಲಿ ಜೂನ್ ತಿಂಗಳ ಸೂರ್ಯೋದಯ ನಸುಕಿನ ಮೂರರ ಸುಮಾರಿಗೆ. ಪ್ರತಿ ದೇಶವೂ ತನಗೆ ಹಿಡಿಸಿದ್ದನ್ನು ಆರಿಸಿಕೊಳ್ಳಲಿ ಎಂದರೆ, ದಿನಾ ಸಾವಿರಾರು ಜನ ಕೆಲಸಕ್ಕೆ ದಾಟುವ ಗಡಿಗಳ ಮೇಲೆ ಹೊಸದಾಗಿ ಗಂಟೆಯ ಗೋಡೆ ಏಳುತ್ತದೆ. ಎಲ್ಲಕ್ಕಿಂತ ಬಿಗಿಯಾಗಿ ಕೂತಿರುವುದು ಐರ್ಲೆಂಡ್. ಒಕ್ಕೂಟ ಗಡಿಯಾರ ತಿರುಗಿಸುವುದನ್ನು ಬಿಟ್ಟು, ಒಕ್ಕೂಟದಿಂದ ಹೊರಹೋಗಿರುವ ಬ್ರಿಟನ್ ಅದನ್ನು ಮುಂದುವರಿಸಿದರೆ, ಡಬ್ಲಿನ್ ಮತ್ತು ಅದೇ ದ್ವೀಪದಲ್ಲಿದ್ದರೂ ಬ್ರಿಟನ್ನಿಗೆ ಸೇರಿದ ಬೆಲ್‌ಫಾಸ್ಟ್ ನಡುವೆ ವರ್ಷದಲ್ಲಿ ಅರ್ಧ ಕಾಲ ಒಂದು ಗಂಟೆಯ ಅಂತರ ಇರುತ್ತದೆ. ದಶಕಗಳ ಹಿಂಸೆಯ ನಂತರ ಗಡಿಯ ಕಾವಲು ಗೋಪುರಗಳನ್ನು ತೆಗೆಸಿದ ದ್ವೀಪದಲ್ಲಿ ಎರಡು ಸಮಯ ತರುವ ಯಾವ ಪ್ರಸ್ತಾವಕ್ಕೂ ತನ್ನ ಒಪ್ಪಿಗೆ ಇಲ್ಲವೆಂದು ಐರ್ಲೆಂಡ್ ಸರ್ಕಾರ ಆಗಲೇ ಹೇಳಿದೆ.